ಅಂಗಳದ ಬಳ್ಳಿ, ಬಾಗಿಲ ಮುಂದಿನ ಹಂದರ

ಮನೆಯಂಗಳದಲ್ಲಿ ಹೂಬಳ್ಳಿ ಬೆಳೆಸುವ ವಿಚಾರ ಮಾತಾಡಿ, ಅದರಲ್ಲೂ ಕ್ಲೆಮಾಟಿಸ್ ಎಂಬ ಬಳ್ಳಿಯ ಬಗ್ಗೆ ಹೇಳಿ ಎಂದು ಕೆಲವರು ಅಪೇಕ್ಷೆಪಟ್ಟಿದ್ದಾರೆ. ಹೊರದೇಶದಲ್ಲಿ ಮಕ್ಕಳಿರುವ ಮನೆಗಳಿಗೆ ಈಗ ಫೋನಿನಲ್ಲಿ ಚಿತ್ರಗಳು ಬರುತ್ತವೆ. ಅಂಗೈಯಗಲದ ನೀಲಿ ಹೂಗಳು, ಗೋಡೆಯ ತುಂಬ. ನೋಡಿದವರಿಗೆಲ್ಲ ನಮ್ಮ ಮನೆ ಮುಂದೂ ಇದು ಇರಬೇಕು ಅನ್ನಿಸುತ್ತದೆ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು, ತೋಟಗಾರಿಕೆ ಓದಿದವನಲ್ಲ. ಆದವಾನಿಯ ಬಿಸಿಲಲ್ಲಿ ಬಳ್ಳಿ ಹಬ್ಬಿಸಿದ ಅನುಭವದ ಮೇಲೆ ನಾಲ್ಕು ಮಾತು ಹೇಳುತ್ತೇನೆ.

ಕ್ಲೆಮಾಟಿಸ್ ಚೆಂದದ ಬಳ್ಳಿ, ಅದರಲ್ಲಿ ಎರಡು ಮಾತಿಲ್ಲ. ಇಂಗ್ಲೆಂಡಿನ ವೋಕಿಂಗ್ ಎಂಬ ಊರಿನ ಜಾಕ್‌ಮನ್ ಮನೆತನದ ನರ್ಸರಿಯಲ್ಲಿ 1862ರಲ್ಲಿ ಮೊದಲ ಸಲ ಅರಳಿದ ನೇರಳೆ ತಳಿಯನ್ನು ಈಗಲೂ ಅವರ ಹೆಸರಿನಿಂದಲೇ ಕರೆಯುತ್ತಾರೆ. ಈ ಬಳ್ಳಿಗೆ ಕುಡಿಬಳ್ಳಿಯಿಲ್ಲ. ಎಲೆಯ ತೊಟ್ಟನ್ನೇ ಸುತ್ತಿಕೊಂಡು ಮೇಲೇರುತ್ತದೆ. ಅದಕ್ಕೆ ಬೇಕಾದದ್ದು ತಲೆಗೆ ಬಿಸಿಲು, ಬೇರಿಗೆ ತಂಪು. ನಮ್ಮಲ್ಲಿ ತಲೆಗೆ ಬೇಕಾದ ಬಿಸಿಲಿಗೇನು ಬರವಿಲ್ಲ. ಬೇರಿಗೆ ತಂಪು ಎಲ್ಲಿಂದ ತರೋಣ? ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರು, ಎರೆಮಣ್ಣು ಕೈ ತೂರುವಷ್ಟು ಬಿರುಕು ಬಿಡುತ್ತದೆ. ಊಟಿ, ಕೊಡೈಕನಾಲಿನಂಥ ತಂಪಿನ ಜಾಗದಲ್ಲಿ ಪ್ರಯತ್ನ ಮಾಡಬಹುದು. ಇಲ್ಲಿ ದುಡ್ಡು ಹಾಕುವುದು ಬೇಡವೆಂದೇ ನನ್ನ ಸಲಹೆ.

ಬಣ್ಣದ ಚಿತ್ರ ಹಾಕಿ ಈ ಬಳ್ಳಿಯ ಬೀಜ ಮಾರುವವರೂ ಇದ್ದಾರೆ. ಒಂದು ಮಾತು ತಿಳಿದಿರಲಿ: ದೊಡ್ಡ ಹೂವಿನ ತಳಿಗಳನ್ನು ಕಡ್ಡಿಯಿಂದಲೋ ಕಸಿಯಿಂದಲೋ ಬೆಳೆಸುತ್ತಾರೆ. ಬೀಜ ಬಿತ್ತಿದರೆ ತಿಂಗಳುಗಟ್ಟಲೆ ಕಾಯಬೇಕು, ಮೊಳೆತರೂ ಚಿತ್ರದಲ್ಲಿದ್ದ ಹೂವೇ ಬರುತ್ತದೆಂಬ ಭರವಸೆಯಿಲ್ಲ. ಇದೇ ಜಾತಿಯ ಕಾಡುಬಳ್ಳಿಗಳು ಪಶ್ಚಿಮ ಘಟ್ಟದಲ್ಲಿವೆ. ಸಣ್ಣ ಬಿಳಿ ಹೂ, ಆಮೇಲೆ ಗರಿಯಂಥ ಬಾಲವಿರುವ ಬೀಜ. ಅದರ ರಸ ಮೈಗೆ ತಾಗಿದರೆ ಉರಿ.

ನೀಲಿ ಹೂವೇ ಬೇಕೆನ್ನುವವರಿಗೆ ನಮ್ಮ ಶಂಖಪುಷ್ಪ ಇದೆಯಲ್ಲ. ತೆಲುಗಿನಲ್ಲಿ ಶಂಖುಪುವ್ವು, ದಿಂಟೆನ ಎನ್ನುತ್ತಾರೆ. ಬೀಜದ ಸಿಪ್ಪೆ ಗಟ್ಟಿ. ಒರಟು ಕಲ್ಲಿನ ಮೇಲೆ ಸ್ವಲ್ಪ ಉಜ್ಜಿ, ರಾತ್ರಿ ನೀರಲ್ಲಿ ನೆನೆಸಿ, ಮುಂಗಾರಿನ ಮೊದಲ ಹದಕ್ಕೆ ಊರಿ. ಎರಡು ತಿಂಗಳೊಳಗೆ ಹೂ ನೋಡುತ್ತೀರಿ. ದ್ವಿದಳ ಜಾತಿಯಾದ್ದರಿಂದ ಗೊಬ್ಬರವನ್ನೂ ಹೆಚ್ಚು ಕೇಳುವುದಿಲ್ಲ. ಬೇಸಿಗೆಗೆ ಒಣಗಿದಂತೆ ಕಂಡರೂ ಬುಡ ಕೀಳಬೇಡಿ, ಮಳೆ ಬಿದ್ದರೆ ಚಿಗುರುವುದುಂಟು. ಕಾಯಿ ಒಣಗಿ ಸಿಡಿಯುವ ಮುಂಚೆ ಬೀಜ ಬಿಡಿಸಿಟ್ಟುಕೊಳ್ಳಿ.

ಇನ್ನು ಹಂದರ. ನಾವು ಹಂದರ ಎನ್ನುವುದನ್ನು ಪಕ್ಕದ ಮನೆಯವರು ಪಂದಿರಿ ಎನ್ನುತ್ತಾರೆ. ಹಾಲು ಪಾಲು, ಹೂವು ಪುವ್ವು ಇದ್ದ ಹಾಗೆಯೇ ಇದೂ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಕಾಗದದಲ್ಲಿ ಗೆರೆ ಬಿತ್ತು, ಹಂದರದ ಕೆಳಗೆ ಎರಡೂ ಮಾತು ನಡೆದೇ ಇವೆ. ಇರಲಿ, ವಿಷಯಕ್ಕೆ ಬರೋಣ.

ಹಂದರಕ್ಕೆ ಕಬ್ಬಿಣವೇ ಬೇಕೆಂದಿಲ್ಲ. ನಾಲ್ಕು ಗಟ್ಟಿ ಗೂಟ, ಮೇಲೆ ತಂತಿ, ಅದರ ಮೇಲೆ ಹೊಲದಲ್ಲಿ ಬಿದ್ದಿರುವ ಹತ್ತಿ ಕಟ್ಟಿಗೆ ಹರಡಿದರೆ ಎಳೆ ಬಳ್ಳಿಗೆ ಹಿಡಿಯಲು ಸಾಕಾಗುತ್ತದೆ. ನಮ್ಮ ಕಡೆ ಕಲ್ಲಿನ ಮನೆಗಳು ಹೆಚ್ಚು. ಹಗಲೆಲ್ಲ ಕಾದ ಗೋಡೆ ಅರ್ಧರಾತ್ರಿಯವರೆಗೂ ಕಾವು ಬಿಡುತ್ತಲೇ ಇರುತ್ತದೆ. ಆದ್ದರಿಂದ ಬಳ್ಳಿಯನ್ನು ಗೋಡೆಗೆ ಅಂಟಿಸಬೇಡಿ, ಎರಡಡಿ ದೂರ ಗುಂಡಿ ತೆಗೆಯಿರಿ. ಗುಂಡಿಗೆ ಬರಿ ಎರೆಮಣ್ಣು ತುಂಬಿದರೆ ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಮರಳು, ಗರಸು, ಚೆನ್ನಾಗಿ ಕೊಳೆತ ತಿಪ್ಪೆಗೊಬ್ಬರ ಬೆರೆಸಿ. ಮೇಲೆ ಶೇಂಗಾ ಸಿಪ್ಪೆಯನ್ನು ನಾಲ್ಕು ಬೆರಳು ದಪ್ಪ ಹೊದಿಸಿದರೆ ತೇವ ಉಳಿಯುತ್ತದೆ. ಬುಡಕ್ಕೆ ಮಾತ್ರ ತಾಗಿಸಬೇಡಿ, ಗೆದ್ದಲು ಬರುತ್ತದೆ.

ಇಷ್ಟೆಲ್ಲ ಹೇಳಿದಾಗ ಕೋಸಿಗಿ ಕಡೆಯ ಹೆಣ್ಣುಮಗಳೊಬ್ಬಳು ನನ್ನನ್ನು ಕೇಳಿದಳು: "ಅಣ್ಣಾ, ಸಂಕ್ರಾಂತಿಗೆ ಮನೆಗೆ ಬೀಗ ಹಾಕಿ ಗುಳೆ ಹೋಗೋರು ನಾವು. ಬಳ್ಳಿ ನೋಡ್ಕೆಂತ ಕುಂತ್ರೆ ಹೊಟ್ಟಿ ನಡೀತೈತಾ?" ಅವಳ ಮಾತು ಖರೆ. ಕೋಸಿಗಿ, ಕೌತಾಳ, ಹೊಳಗುಂದಿ ಸೀಮೆಯ ಎಷ್ಟೋ ಮನೆಗಳ ದುಡಿಯುವ ಜನ ಗುಂಟೂರಿನ ಮೆಣಸಿನಕಾಯಿ ಬಿಡಿಸಲು, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಊರಲ್ಲಿ ಉಳಿಯುವವರು ಅಜ್ಜ ಅಜ್ಜಿಯರು, ಕೆಲವು ಮನೆಗಳಲ್ಲಿ ಅವರ ಜೊತೆ ಸಣ್ಣ ಮಕ್ಕಳು. ತಗಡಿನ ಮನೆಯೊಳಗೆ ಮಧ್ಯಾಹ್ನ ಕೂಡಲಿಕ್ಕಾಗುವುದಿಲ್ಲ, ಹೊರಗೆ ನೆರಳಿಲ್ಲ. ಅಂಥ ಮನೆಗಳಿಗೇ ಹಂದರ ಹೆಚ್ಚು ಬೇಕು ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಹೂ ಆಮೇಲಿನ ಮಾತು, ನೆರಳು ಮೊದಲು.

ಇದಕ್ಕೆ ತೊಂಡೆ ಒಳ್ಳೆಯದು, ತೆಲುಗಿನ ದೊಂಡ. ಒಮ್ಮೆ ಹತ್ತಿದರೆ ವರ್ಷಾನುಗಟ್ಟಲೆ ಇರುತ್ತದೆ, ನೆರಳಿನ ಜೊತೆ ಪಲ್ಯವನ್ನೂ ಕೊಡುತ್ತದೆ. ಕಾಯಿ ಬಿಡುವ ಬಳ್ಳಿಯಿಂದಲೇ ಪೆನ್ಸಿಲ್ ದಪ್ಪದ, ನಾಲ್ಕು ಗೆಣ್ಣಿನ ಕಡ್ಡಿ ತಂದು ಜೂನ್-ಜುಲೈಯಲ್ಲಿ ನೆಡಿ. ಬೀಜದಿಂದ ಬೇಡ, ಗಂಡು ಬಳ್ಳಿ ಹುಟ್ಟಿದರೆ ಹೂ ಬಿಟ್ಟೀತು, ಕಾಯಿ ಬಿಡದು. ಅಷ್ಟೂ ಆರೈಕೆ ಆಗದು ಎನ್ನುವವರಿಗೆ ಅಮೃತಬಳ್ಳಿ, ಅಂದರೆ ತಿಪ್ಪತೀಗ. ಕತ್ತರಿಸಿದರೂ ಮೇಲಿನಿಂದ ದಾರದಂಥ ಬೇರು ಬಿಟ್ಟು ನೆಲ ಹುಡುಕುವ ಜೀವ ಅದು. ರಂಗೂನ್ ಬಳ್ಳಿಯೂ ಗಟ್ಟಿ, ತೆಲುಗಿನಲ್ಲಿ ರಾಧಾಮನೋಹರ. ಸಂಜೆ ಬಿಳಿಯಾಗಿ ಅರಳಿ, ಮರುದಿನ ಗುಲಾಬಿಯಾಗಿ, ಆಮೇಲೆ ಕೆಂಪಾಗುವ ಹೂ. ಆದರೆ ಅದು ಬೆಳೆದು ಭಾರವಾಗುತ್ತದೆ, ಹತ್ತಿ ಕಟ್ಟಿಗೆಯ ಹಂದರ ತಡೆಯುವುದಿಲ್ಲ.

ಮಲ್ಲಿಗೆಯನ್ನು ಬಿಟ್ಟರೆ ಹೆಣ್ಣುಮಕ್ಕಳು ನನ್ನನ್ನು ಬಿಡುವುದಿಲ್ಲ. ತುಂಗಭದ್ರೆಯ ಮೇಲ್ದಂಡೆಯ ಹಡಗಲಿ ಮಲ್ಲಿಗೆ ಭೌಗೋಳಿಕ ಗುರುತು ಪಡೆದ ಹೂ. ಡಿಸೆಂಬರಿನಲ್ಲಿ ಕೆಲವು ವಾರ ನೀರು ನಿಲ್ಲಿಸಿ, ಸವರಿ, ಗೊಬ್ಬರ ಕೊಟ್ಟು ಮತ್ತೆ ನೀರು ಬಿಟ್ಟರೆ ಬೇಸಿಗೆಯ ಹೊತ್ತಿಗೆ ಮೊಗ್ಗು ತುಂಬುತ್ತದೆ. ಆದರೆ ಆ ತಿಂಗಳುಗಳಲ್ಲಿ ನೀರು ತಪ್ಪುವಂತಿಲ್ಲ. ಗುಳೆ ಹೋಗುವ ಮನೆಗೆ ಮಲ್ಲಿಗೆ ಕಷ್ಟ.

ನೀರಿನ ಚಿಂತೆ ನಮಗೆ ಹೊಸದಲ್ಲ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ, ಕೆಳಮಟ್ಟದ ಕಾಲುವೆಯನ್ನು ನಂಬಿದ ನಮ್ಮ ಸೀಮೆಯವರ ಎದೆ ಹೇಗಾಯಿತು ಎಂಬುದು ನಿಮಗೆಲ್ಲ ಗೊತ್ತು. ಕುಡಿಯಲು ಬೇಕಾದ ನೀರನ್ನು ಬಳ್ಳಿಗೆ ಹಾಕಿ ಎಂದು ನಾನು ಹೇಳಲಾರೆ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಸಾಕು. ಸೋಪಿನ ಪುಡಿ ಬೆರೆತದ್ದು ಬೇಡ.

ಬುಡದಿಂದ ಒಂದಡಿ ದೂರದಲ್ಲಿ ಬಣ್ಣ ಬಳಿಯದ ಮಣ್ಣಿನ ಮಡಕೆಯೊಂದನ್ನು ಕುತ್ತಿಗೆಯವರೆಗೆ ಹೂಳಿ. ನೀರು ತುಂಬಿ ಮುಚ್ಚಳ ಹಾಕಿ. ಸುತ್ತಲ ಮಣ್ಣು ಒಣಗಿದಂತೆ ನೀರು ತಾನೇ ಜಿನುಗುತ್ತದೆ, ಬೇರು ಮಡಕೆಯನ್ನು ಹುಡುಕಿಕೊಂಡು ಬರುತ್ತದೆ. ಮಣ್ಣು, ಬಿಸಿಲು ನೋಡಿಕೊಂಡು ನಾಲ್ಕೈದು ದಿನಕ್ಕೊಮ್ಮೆ ತುಂಬಿದರೆ ನಡೆಯುತ್ತದೆ. ಬೋರಿನ ಸವಳು ನೀರಾದರೆ ಮಡಕೆಯ ಸಣ್ಣ ತೂತುಗಳು ಮುಚ್ಚಿಕೊಳ್ಳುತ್ತವೆ, ವರ್ಷಕ್ಕೊಮ್ಮೆ ಬದಲಿಸಿ. ಮುಚ್ಚಳದ ಮೇಲೆ ಕಲ್ಲಿಡುವುದನ್ನು ಮರೆಯಬೇಡಿ, ಇಲ್ಲವಾದರೆ ಸೊಳ್ಳೆ ಮೊಟ್ಟೆಯಿಡುತ್ತದೆ. ಬೀಗ ಹಾಕಿ ಹೋಗುವ ದಿನ ಪಕ್ಕದ ಮನೆಯ ಅವ್ವನಿಗೆ ಮಡಕೆ ಎಲ್ಲಿದೆ ಎಂದು ತೋರಿಸಿ ಹೋಗಿ. ತೊಂಡೆಕಾಯಿ ಅವರೇ ಬಿಡಿಸಿಕೊಳ್ಳಲಿ.