ಮಕ್ಕಳು ಕೇಳಿದ್ದು ನಡಾವಳಿಗೆ ಬರಲಿ



ನವೆಂಬರ್ 14ರ ಮಕ್ಕಳ ದಿನಾಚರಣೆ ಹತ್ತಿರವಾದಂತೆ ನಮ್ಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆಗಳ ಕಾಲ ಶುರುವಾಗುತ್ತದೆ. ಮದಕರಿಪುರದ ಕಡೆಯಾಗಲಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಹಳ್ಳಿಗಳಾಗಲಿ, ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿರುತ್ತಾರೆ. ಸಮವಸ್ತ್ರ ತೊಟ್ಟ ಮಕ್ಕಳು ಜಮಖಾನೆಯ ಮೇಲೆ, ಅಧ್ಯಕ್ಷರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಹೆಡ್‌ಮಾಸ್ಟರು ಕುರ್ಚಿಗಳ ಮೇಲೆ. ಒಬ್ಬ ಹುಡುಗಿ ಎದ್ದು ನಿಂತು, "ಸಾರ್, ನಮ್ ಶಾಲೇಲಿ ಹೆಣ್ಮಕ್ಕಳ ಶೌಚಾಲಯಕ್ಕೆ ನೀರಿಲ್ಲ" ಎನ್ನುತ್ತಾಳೆ. ಚಪ್ಪಾಳೆ ಬೀಳುತ್ತದೆ. ಎಷ್ಟು ಧೈರ್ಯವಾಗಿ ಮಾತಾಡಿದಳು ಎಂದು ದೊಡ್ಡವರು ಮೆಚ್ಚಿಕೊಳ್ಳುತ್ತಾರೆ. ಆ ಮಗು ಕೇಳಿದ್ದು ನೀರು. ಕೇಳಿದ ನೀರು ನಲ್ಲಿಯಲ್ಲಿ ಬರುವವರೆಗೆ ಆ ಪ್ರಶ್ನೆ ಯಾವ ಯಾವ ಮೇಜು ದಾಟಬೇಕು, ಎಲ್ಲಿ ಕಡಿದುಹೋಗುತ್ತದೆ ಎಂಬುದು ಇವತ್ತಿನ ಮಾತು.

ಈ ಸಭೆ ಸರ್ಕಾರ ತಾನಾಗಿ ಕೊಟ್ಟ ಉಡುಗೊರೆಯಲ್ಲ. ಇದರ ಬೇರು ಕರಾವಳಿಯಲ್ಲಿದೆ. ದುಡಿಯುವ ಮಕ್ಕಳು 1990ರಲ್ಲಿ ಭೀಮ ಸಂಘ ಎಂಬ ತಮ್ಮದೇ ಸಂಘಟನೆ ಕಟ್ಟಿಕೊಂಡರು. ದುಡಿಯುವ ಮಕ್ಕಳ ನಡುವೆ ಬಹಳ ಕಾಲದಿಂದ ಕೆಲಸ ಮಾಡುತ್ತಿದ್ದ, ನಂದನಾ ರೆಡ್ಡಿ ಮತ್ತು ದಾಮೋದರ ಆಚಾರ್ಯ ಅವರ ಸಂಸ್ಥೆ ಬೆನ್ನಿಗೆ ನಿಂತಿತು. ತೊಂಬತ್ತರ ದಶಕದ ನಡುವಿನಲ್ಲಿ ಕುಂದಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಮಕ್ಕಳ ಪಂಚಾಯಿತಿಗಳು ಹುಟ್ಟಿದವು. ಮಕ್ಕಳೇ ಮತ ಹಾಕಿ ಮಕ್ಕಳನ್ನು ಆರಿಸಿದರು. 1996ರಲ್ಲಿ ಅದೇ ಕುಂದಾಪುರಕ್ಕೆ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಗಳಿಂದ ದುಡಿಯುವ ಮಕ್ಕಳ ಪ್ರತಿನಿಧಿಗಳು ಬಂದು ಸೇರಿ ಹತ್ತು ಅಂಶಗಳ ಘೋಷಣೆ ಹೊರಡಿಸಿದರು. ನಮ್ಮ ಬಗ್ಗೆ ತೀರ್ಮಾನ ಮಾಡುವ ಮುಂಚೆ ನಮ್ಮನ್ನೂ ಕೇಳಿ ಎಂಬುದು ಅದರ ತಿರುಳು. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುವುದೂ ಇದನ್ನೇ. ಭಾರತ 1992ರಲ್ಲಿ ಆ ಒಡಂಬಡಿಕೆಯನ್ನು ಒಪ್ಪಿಕೊಂಡಿದೆ. ಕೊನೆಗೆ 2006ರಲ್ಲಿ ಕರ್ನಾಟಕ ಸರ್ಕಾರ ವರ್ಷಕ್ಕೊಮ್ಮೆ ಎಲ್ಲ ಗ್ರಾಮ ಪಂಚಾಯಿತಿಗಳೂ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಆದೇಶಿಸಿತು. ಕೆಲವೇ ಹಳ್ಳಿಗಳಲ್ಲಿ ಮಕ್ಕಳು ಮಾಡಿ ತೋರಿಸಿದ್ದು ಇಡೀ ರಾಜ್ಯದ ನಿಯಮವಾಯಿತು. ನೀತಿಗಾಗಿ ಒತ್ತಾಯಿಸುವುದು ಎಂದರೆ ಇದೇ.

ಕುಂದಾಪುರದ ಮಕ್ಕಳಿಂದ ನಾವು ಕಲಿಯಬೇಕಾದದ್ದು ಭಾಷಣಕ್ಕಿಂತ ಲೆಕ್ಕ. ಅವರು ಮನೆಮನೆಗೆ ಹೋಗಿ ಸಮೀಕ್ಷೆ ಮಾಡುತ್ತಿದ್ದರು. ಬರೆದುಕೊಂಡ ಅಂಕಿಗಳನ್ನು ಹಿಡಿದುಕೊಂಡು ಪಂಚಾಯಿತಿಯ ಮುಂದೆ ನಿಲ್ಲುತ್ತಿದ್ದರು. ಅಂಕಿಯ ಮುಂದೆ "ನೋಡೋಣ" ಎಂಬ ಉತ್ತರ ಅಷ್ಟು ಸುಲಭವಾಗಿ ಬರುವುದಿಲ್ಲ.

ನಮ್ಮ ಕಡೆಯ ಒಂದು ಚೀಟಿಯನ್ನು ಬಿಡಿಸಿ ನೋಡೋಣ. ಸಭೆಗೆ ಮುಂಚೆ ಶಾಲೆಗಳಲ್ಲಿ ಒಂದು ಪೆಟ್ಟಿಗೆ ಇಡುತ್ತಾರೆ, ಮಕ್ಕಳು ಬರೆದು ಹಾಕುತ್ತಾರೆ. ಹೊಸದುರ್ಗ ತಾಲ್ಲೂಕಿನ ಯಾವ ಪೆಟ್ಟಿಗೆಯಲ್ಲಾದರೂ ಸಿಗಬಹುದಾದ ಚೀಟಿ ಇದು: "ನಮ್ಮೂರಿಗೆ ಬೆಳಿಗ್ಗೆ ಬಸ್ಸು ಇಲ್ಲ. ಹೈಸ್ಕೂಲಿಗೆ ನಡೆದು ಹೋಗುತ್ತೇವೆ." ಎರಡು ಸಾಲು, ನೋಟ್‌ಬುಕ್ಕಿನಿಂದ ಹರಿದ ಹಾಳೆ. ಬಸ್ಸು ಓಡಿಸುವುದು ಪಂಚಾಯಿತಿಯ ಕೈಯಲ್ಲಿಲ್ಲ, ಅದು ಕೆಎಸ್‌ಆರ್‌ಟಿಸಿ ಡಿಪೊದ ಕೆಲಸ. ಹಾಗಾಗಿ "ನಮ್ಮ ವ್ಯಾಪ್ತಿಗೆ ಬರೋದಿಲ್ಲ" ಎಂದು ಆ ಚೀಟಿಯನ್ನು ಪಕ್ಕಕ್ಕಿಡುವುದು ಸುಲಭ. ಇಲ್ಲೇ ಮೊದಲ ಬಾರಿ ದಾರಿ ಕಡಿಯುತ್ತದೆ. ಆಗಬೇಕಾದದ್ದು ಬೇರೆ. ಆ ಪ್ರಶ್ನೆ ಸಭೆಯ ನಡಾವಳಿಯಲ್ಲಿ ಸೇರಬೇಕು, ಠರಾವಾಗಬೇಕು, ಪಂಚಾಯಿತಿಯ ಪತ್ರವಾಗಿ ಡಿಪೊ ಮ್ಯಾನೇಜರ್ ಮೇಜಿಗೆ ಹೋಗಬೇಕು. ಅವರು ಕೇಳುವ ಪ್ರಶ್ನೆಗಳೂ ನ್ಯಾಯವಾದವೇ: ಎಷ್ಟು ಮಕ್ಕಳು, ಎಷ್ಟು ಪಾಸು, ಎಷ್ಟು ಗಂಟೆಗೆ, ಬಸ್ಸು ತಿರುಗಿಸಲು ಜಾಗ ಇದೆಯೇ? ಇದನ್ನೆಲ್ಲ ಒಂಬತ್ತನೇ ತರಗತಿಯ ನಾಲ್ವರು ಮಕ್ಕಳು ಒಂದು ಭಾನುವಾರ ಕೂತರೆ ಪಟ್ಟಿ ಮಾಡಿಕೊಡಬಲ್ಲರು. ಆ ಪಟ್ಟಿ ಪತ್ರದ ಜೊತೆಗಿದ್ದರೆ ಅರ್ಜಿಯ ತೂಕವೇ ಬೇರೆ.

ಶೌಚಾಲಯ, ಕಾಂಪೌಂಡು, ಆಟದ ಮೈದಾನ ಇವೆಲ್ಲ ಇನ್ನೂ ಹತ್ತಿರದ ಮಾತು. ಉದ್ಯೋಗ ಖಾತ್ರಿಯ ಹಣದಲ್ಲಿ ಇವನ್ನು ಕಟ್ಟಿಸಿಕೊಂಡ ಪಂಚಾಯಿತಿಗಳು ರಾಜ್ಯದಲ್ಲಿ ಬೇಕಾದಷ್ಟಿವೆ. ಕ್ರಿಯಾ ಯೋಜನೆಯಲ್ಲಿ ಹೆಸರು ಬಿದ್ದಿರಬೇಕು, ಅಷ್ಟೆ.

ನಮ್ಮ ಜಿಲ್ಲೆಯ ಮಕ್ಕಳು ಕೇಳಲೇಬೇಕಾದ ಇನ್ನೊಂದು ವಿಷಯ ಕುಡಿಯುವ ನೀರು. ಇಲ್ಲಿನ ಅಂತರ್ಜಲದಲ್ಲಿ ಫ್ಲೋರೈಡ್ ಇದೆ ಎಂಬುದು ಎಲ್ಲರಿಗೂ ಗೊತ್ತು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ಯೋಗ್ಯವಲ್ಲ. ಹಲ್ಲು ಮೂಡುವ ವಯಸ್ಸಿನಲ್ಲಿ ಅಂಥ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಕೂತರೆ ಅದು ಹೋಗುವುದಿಲ್ಲ. ಇದಕ್ಕೆಂದೇ ಊರೂರಿಗೆ ಶುದ್ಧ ನೀರಿನ ಘಟಕಗಳು ಬಂದವು. ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಘಟಕ ಕೆಟ್ಟು ನಿಂತರೆ, ಮನೆಯ ದೊಡ್ಡವರು ಬೈಕಿನಲ್ಲಿ ಪಕ್ಕದೂರಿಗೆ ಹೋಗಿ ತರಬಹುದು. ಶಾಲೆಯಲ್ಲಿ ಬಾಯಾರಿದ ಮಗು ಬೋರ್‌ವೆಲ್ ನಲ್ಲಿಗೆ ಕೈ ಒಡ್ಡುತ್ತದೆ. ಘಟಕ ಯಾವ ತಿಂಗಳಿಂದ ನಿಂತಿದೆ, ನಿರ್ವಹಣೆ ಯಾರದು ಎಂದು ಒಂದು ಮಗು ಸಭೆಯಲ್ಲಿ ಕೇಳಿದರೆ ಅದನ್ನು ಅಧಿಕಪ್ರಸಂಗ ಎನ್ನಬೇಡಿ.

ಕೆಲವು ಚೀಟಿಗಳನ್ನು ಮೈಕಿನಲ್ಲಿ ಓದಬಾರದು. "ನನ್ನ ಗೆಳತಿಗೆ ಮದುವೆ ಮಾಡುತ್ತಿದ್ದಾರೆ" ಎಂದು ಒಂದು ಚೀಟಿ ಬರಬಹುದು. ಬರೆದ ಮಗುವಿನ ಹೆಸರಾಗಲಿ ಆ ಗೆಳತಿಯ ಹೆಸರಾಗಲಿ ಸಭೆಯಲ್ಲಿ ಹೊರಬಿದ್ದರೆ, ಮುಂದಿನ ವರ್ಷ ಆ ಪೆಟ್ಟಿಗೆಗೆ ಯಾರೂ ಚೀಟಿ ಹಾಕುವುದಿಲ್ಲ. ಅಂಥ ಚೀಟಿ ನೇರವಾಗಿ ಪಿಡಿಒ ಕೈಗೆ ಹೋಗಬೇಕು. ನಮ್ಮ ರಾಜ್ಯದಲ್ಲಿ ಪಿಡಿಒ ಬಾಲ್ಯವಿವಾಹ ನಿಷೇಧ ಅಧಿಕಾರಿಯೂ ಹೌದು. ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 21ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಐವರಲ್ಲಿ ಒಬ್ಬಳು! ಈ ವಿಷಯದಲ್ಲೂ ಒತ್ತಾಯದಿಂದಲೇ ಕಾನೂನು ಬದಲಾದದ್ದು. ಹೈಕೋರ್ಟಿನಲ್ಲಿ ಅರ್ಜಿ ಬಿತ್ತು, ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿ 2011ರಲ್ಲಿ ವರದಿ ಕೊಟ್ಟಿತು, ಕೇಂದ್ರದ 2006ರ ಕಾಯ್ದೆಗೆ ಕರ್ನಾಟಕ 2016ರ ತಿದ್ದುಪಡಿ ತಂದಿತು. ಅದರ ಪ್ರಕಾರ ಇಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. 2017ರಲ್ಲಿ ಸುಪ್ರೀಂ ಕೋರ್ಟ್ ಈ ತಿದ್ದುಪಡಿಯನ್ನು ಮೆಚ್ಚಿ, ಬೇರೆ ರಾಜ್ಯಗಳೂ ಅನುಸರಿಸಲಿ ಎಂದಿತು. ಹೀಗಿದ್ದೂ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಹುಡುಗಿಯೊಬ್ಬಳು ತರಗತಿಯಿಂದ ಕಾಣೆಯಾದರೆ ವಿಚಾರಿಸುವವರು ಊರಿನವರೇ ಆಗಬೇಕು.

ಇನ್ನೊಂದು ಮಾತು ಕುಟುಂಬದ್ದು. ಶೇಂಗಾ ಕೀಳುವ, ಅಡಿಕೆ ಸುಲಿಯುವ ದಿನಗಳಲ್ಲಿ ಐದನೇ ತರಗತಿಯ ಹುಡುಗಿ ಶಾಲೆಗೆ ಏಕೆ ಬರಲಿಲ್ಲ ಎಂದು ಕೇಳಿನೋಡಿ. ಎಷ್ಟೋ ಸಲ ಉತ್ತರ ಅವಳ ಸೊಂಟದ ಮೇಲಿರುತ್ತದೆ: ತಮ್ಮ ಅಥವಾ ತಂಗಿ. ಅಮ್ಮ ಕೂಲಿಗೆ ಹೋದರೆ ಕೂಸನ್ನು ನೋಡಿಕೊಳ್ಳುವವಳು ಅವಳೇ. ತಾಯಂದಿರು ಕೂಲಿಗೆ ಹೋದಾಗ ಮೂರು ವರ್ಷದೊಳಗಿನ ಮಕ್ಕಳನ್ನು ನೋಡಿಕೊಳ್ಳಲು 2023ರಲ್ಲಿ ರಾಜ್ಯ ಸರ್ಕಾರ "ಕೂಸಿನ ಮನೆ" ಯೋಜನೆ ಪ್ರಕಟಿಸಿತು. ನಾಲ್ಕು ಸಾವಿರ ಪಂಚಾಯಿತಿಗಳಲ್ಲಿ ತೆರೆಯುವ ಉದ್ದೇಶ ಅದಕ್ಕಿತ್ತು. ಕೂಸಿಗಾಗಿ ತೆರೆದ ಮನೆ ಅಕ್ಕನನ್ನೂ ಶಾಲೆಗೆ ಕಳಿಸುತ್ತದೆ. ಆದರೆ ನಿಮ್ಮೂರಿನ ಕೂಸಿನ ಮನೆ ಕೆಲಸದ ಹೊತ್ತಿಗೆ ಸರಿಯಾಗಿ ಬೆಳಿಗ್ಗೆಯೇ ಬಾಗಿಲು ತೆಗೆಯುತ್ತದೆಯೇ? ಅಲ್ಲಿ ಕೂಸನ್ನು ನೋಡಿಕೊಳ್ಳುವ ಹೆಂಗಸಿಗೆ ಸಂಬಳ ಸಮಯಕ್ಕೆ ಸಿಗುತ್ತದೆಯೇ? ಈ ಪ್ರಶ್ನೆಗಳನ್ನು ಕೂಸು ಕೇಳಲಾರದು, ತಾಯಂದಿರು ಕೇಳಬೇಕು. ಸ್ವಸಹಾಯ ಸಂಘದ ವಾರದ ಸಭೆ ಇದಕ್ಕೆ ಒಳ್ಳೆಯ ಜಾಗ.

ಈಗ ಎರಡನೇ ಸಲ ದಾರಿ ಕಡಿಯುವ ಜಾಗಕ್ಕೆ ಬರೋಣ. ಹೊಸ ಸಭೆ ಶುರುವಾಗುವ ಮುಂಚೆ ಕಳೆದ ವರ್ಷದ ಅನುಪಾಲನಾ ವರದಿ ಓದಬೇಕು: ಮಕ್ಕಳು ಏನು ಕೇಳಿದ್ದರು, ಯಾವುದು ಆಯಿತು, ಯಾವುದು ಏಕೆ ಆಗಲಿಲ್ಲ. ಆಗದೇ ಹೋದದ್ದನ್ನು ಮಕ್ಕಳಿಗೆ ನೇರವಾಗಿ ಹೇಳಿದರೆ ಅವರು ಅರ್ಥ ಮಾಡಿಕೊಳ್ಳುತ್ತಾರೆ. ಏನೂ ಹೇಳದೆ ಬಿಟ್ಟರೆ, ಸಭೆ ಎಂದರೆ ಬಿಸ್ಕತ್ತು ಕೊಡುವ ಕಾರ್ಯಕ್ರಮ ಎಂದುಕೊಳ್ಳುತ್ತಾರೆ. ಹದಿನಾಲ್ಕನೇ ವಯಸ್ಸಿನಲ್ಲಿ ಹಾಗಂದುಕೊಂಡ ಹುಡುಗ ಹದಿನೆಂಟು ತುಂಬಿದ ಮೇಲೆ ದೊಡ್ಡವರ ಗ್ರಾಮಸಭೆಗೆ ಏಕೆ ಬರುತ್ತಾನೆ?

ಹಾಗಾಗಿ ಕೇಳುಗರಲ್ಲಿ ನನ್ನದೊಂದು ವಿನಂತಿ. ಈ ಸಲದ ಮಕ್ಕಳ ಗ್ರಾಮಸಭೆಯ ದಿನಾಂಕ ವಿಚಾರಿಸಿಕೊಳ್ಳಿ. ಅಂದು ಹೋಗಿ ಹಿಂದೆ ಕೂತುಕೊಳ್ಳಿ, ಮಾತು ಮಕ್ಕಳೇ ಆಡಲಿ. ವಾರ ಕಳೆದ ಮೇಲೆ ಪಂಚಾಯಿತಿ ಕಚೇರಿಗೆ ಹೋಗಿ ನಡಾವಳಿಯ ನಕಲು ಕೇಳಿ. ಸುಮ್ಮನೆ ಕೇಳಿದರೆ ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ, ಮೂವತ್ತು ದಿನಗಳೊಳಗೆ ಉತ್ತರ ಕೊಡಲೇಬೇಕು. ನಕಲು ಸಿಕ್ಕ ಮೇಲೆ ಅದರಲ್ಲಿ ನಿಮ್ಮ ಮಗು ಕೇಳಿದ್ದು ಬರೆದಿದೆಯೇ, ಅದರ ಎದುರು ಯಾವ ಇಲಾಖೆಯ ಹೆಸರಿದೆ ಎಂದು ನೋಡಿ, ಮನೆಗೆ ಬಂದು ಮಗುವಿಗೂ ಓದಿ ಹೇಳಿ.