ಹೊಸ ಜಾಲವ್ಯವಸ್ಥೆಯೂ ನಮ್ಮ ಮಕ್ಕಳ ಹೆಸರೂ
(ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಹೊಸೂರಿನಿಂದ ಬೆಂಗಳೂರಿಗೆ ಸುಮಾರು 40 ಕಿಲೋಮೀಟರು. ಪದವಿ ವ್ಯಾಸಂಗಕ್ಕಾಗಿ ಗಡಿ ದಾಟುವ ನಮ್ಮ ಮಕ್ಕಳಿಗೆ ಆ ದಾರಿ ದೂರವೆನಿಸದು. ದೂರವೆನಿಸುವುದು ಗಣಕಯಂತ್ರದೊಳಗಿನ ದಾರಿ. ಕರ್ನಾಟಕದ ಸರಕಾರಿ ವಿಶ್ವವಿದ್ಯಾಲಯಗಳ ಪ್ರವೇಶ, ಪರೀಕ್ಷೆ, ಫಲಿತಾಂಶಗಳ ಕಾರ್ಯವು 2021ರಿಂದ ಯು.ಯು.ಸಿ.ಎಂ.ಎಸ್. ಎಂಬ ಒಂದೇ ಜಾಲವ್ಯವಸ್ಥೆಗೆ ಬರತೊಡಗಿತು. ಹಳೆಯ ಪದ್ಧತಿಗೆ ಒಗ್ಗಿದ್ದ ಗುಮಾಸ್ತರೂ ಅಧ್ಯಾಪಕರೂ ವಿದ್ಯಾರ್ಥಿಗಳೊಡನೆ ಮತ್ತೆ ಕಲಿಯಬೇಕಾಯಿತು.

ನಮ್ಮ ಸೀಮೆಯವರಿಗೆ ಬೇರೊಂದು ತೊಡಕೂ ಉಂಟು. ತಮಿಳು ಲಿಪಿಯಲ್ಲಿ ಕಕಾರ ಗಕಾರಗಳಿಗೆ ಒಂದೇ ಅಕ್ಷರ. ಗಿರಿಜೆಯ ಹೆಸರು ಒಂದು ದಾಖಲೆಯಲ್ಲಿ ಕನ್ನಡದಿಂದಲೂ ಇನ್ನೊಂದರಲ್ಲಿ ತಮಿಳಿನಿಂದಲೂ ಇಂಗ್ಲಿಷಿಗೆ ಇಳಿದರೆ ಒಬ್ಬಳೇ ಹುಡುಗಿ ಇಬ್ಬರಾದಾಳು. ತಂದೆಯ ಹೆಸರಿನ ಮೊದಲಕ್ಷರವು ಒಂದೆಡೆ ಮುಂದೆ, ಮತ್ತೊಂದೆಡೆ ಹಿಂದೆ ಬಂದರೂ ಹಾಗೆಯೇ. ಗುಮಾಸ್ತರಾದರೆ ಮುಖ ನೋಡಿ ಗುರುತಿಸುವರು. ಯಂತ್ರಕ್ಕೆ ಆ ದಾಕ್ಷಿಣ್ಯವಿಲ್ಲ.

ಆದುದರಿಂದ ತಾಯಿತಂದೆಗಳಲ್ಲಿ ನನ್ನ ಬಿನ್ನಹವಿದು: ಹತ್ತನೆಯ ತರಗತಿಯ ಅಂಕಪಟ್ಟಿ ಅಚ್ಚಾಗುವ ಮೊದಲೇ ಹೆಸರನ್ನೂ ಜನ್ಮದಿನಾಂಕವನ್ನೂ ಇತರ ದಾಖಲೆಗಳೊಡನೆ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿರಿ. ಕಾಲೇಜು ಸೇರಿದ ಹಿರಿಯ ವಿದ್ಯಾರ್ಥಿಗಳೇ, ಕಿರಿಯರ ಅರ್ಜಿಯನ್ನು ನೀವೇ ತುಂಬಿಕೊಡುವುದು ಉಪಕಾರವಲ್ಲ. ಪಕ್ಕದಲ್ಲಿ ಕುಳಿತು ಅವರಿಂದಲೇ ತುಂಬಿಸಿರಿ. ಗುಪ್ತಪದವನ್ನು ಅಂಗಡಿಯವರ ಕೈಗೆ ಒಪ್ಪಿಸದಿರಲು ಹೇಳಿರಿ. ಉಪಾಧ್ಯಾಯರು ತಮಗೆ ತಿಳಿಯದುದನ್ನು ಶಿಷ್ಯರಿಂದ ಕೇಳಿ ತಿಳಿದರೆ ಗುರುತನಕ್ಕೆ ಕುಂದಿಲ್ಲ.

ಮೊದಲ ದಿನ ನಾವು ಕೈಹಿಡಿದು ನಡೆಸೋಣ. ಎರಡನೆಯ ದಿನ ಮಗು ತಾನೇ ನಡೆಯಲಿ ಎಂದು ಹಾರೈಸಿ ವಿರಮಿಸುತ್ತೇನೆ.