ಮಕ್ಕಳ ಉಬ್ಬಸ: ಪಾಲಕರು ಅರಿಯಬೇಕಾದ ವಿಚಾರಗಳು

(ಧರ್ಮಕೇಂದ್ರದ ಪಾಲಕರ ಕೂಟದಲ್ಲಿ ಮಾಡಿದ ಉಪನ್ಯಾಸ)



ನಡುರಾತ್ರಿಯಲ್ಲಿ ಮಗು ಎದ್ದು ಕುಳಿತು ಉಸಿರಿಗಾಗಿ ಹೋರಾಡುವುದನ್ನು ಕಂಡ ತಾಯಿಗೆ ಉಬ್ಬಸವೆಂದರೇನೆಂದು ವಿವರಿಸಬೇಕಾಗಿಲ್ಲ. ಆದರೆ ಅದರ ಕಾರಣವನ್ನೂ ಹತೋಟಿಯ ಮಾರ್ಗವನ್ನೂ ನಾವೆಲ್ಲರೂ ಅರಿತಿರಬೇಕು.

ಬೆಂಗಳೂರಿನಲ್ಲಿ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳನ್ನು ಪರಿಶೀಲಿಸಿದಾಗ, 1979ರಲ್ಲಿ ಶೇಕಡಾ 9ರಷ್ಟಿದ್ದ ಉಬ್ಬಸ 1999ರ ವೇಳೆಗೆ ಶೇಕಡಾ 29.5ಕ್ಕೆ ಏರಿತ್ತು. ಆದುದರಿಂದ ಇದು ಯಾವುದೋ ಒಂದು ಮನೆಯ ಕಷ್ಟವಲ್ಲ.

ಉಬ್ಬಸವಿರುವ ಮಗುವಿನ ಶ್ವಾಸನಾಳಗಳ ಒಳಪದರ ಸದಾ ಸ್ವಲ್ಪ ಊದಿಕೊಂಡಿರುತ್ತದೆ. ನೆಗಡಿ, ಧೂಳು, ಪರಾಗ, ಒಲೆಯ ಹೊಗೆ, ತಂದೆಯ ಬೀಡಿ ಇವುಗಳಲ್ಲಿ ಯಾವುದಾದರೂ ಕೆರಳಿಸಿದರೆ ನಾಳದ ಸ್ನಾಯುಗಳು ಬಿಗಿದು, ಕಫ ತುಂಬಿ, ದಾರಿ ಕಿರಿದಾಗುತ್ತದೆ. ಇದು ಅಂಟುರೋಗವಲ್ಲ; ಯಾರ ಪಾಪದ ಫಲವೂ ಅಲ್ಲ.

ಔಷಧಿಗಳಲ್ಲಿ ಎರಡು ಬಗೆ. ಸಾಲ್ಬುಟಮಾಲ್ ಬಿಗಿದ ಸ್ನಾಯುವನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ. ಆದರೆ ಊತ ಹಾಗೆಯೇ ಉಳಿಯುತ್ತದೆ. ಊತವನ್ನು ಇಳಿಸುವುದು ಪ್ರತಿದಿನ ಸೇದುವ ಸ್ಟಿರಾಯ್ಡ್ ಇನ್‌ಹೇಲರ್. ಮಗು ಚೆನ್ನಾಗಿದೆಯೆಂದು ಪಾಲಕರು ಇದನ್ನೇ ಮೊದಲು ನಿಲ್ಲಿಸುವುದುಂಟು. ಮುಂದಿನ ನೆಗಡಿಯಲ್ಲಿ ರೋಗ ಮತ್ತೆ ಉಲ್ಬಣಿಸುತ್ತದೆ. ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಇನ್‌ಹೇಲರ್ ಚಟವಾಗುತ್ತದೆಂಬ ಭಯಕ್ಕೆ ಆಧಾರವಿಲ್ಲ. 2 ಮಿಲಿಗ್ರಾಂ ಸಾಲ್ಬುಟಮಾಲ್ ಮಾತ್ರೆಯಲ್ಲಿರುವ ಔಷಧಿ, 100 ಮೈಕ್ರೋಗ್ರಾಂನ ಇಪ್ಪತ್ತು ಸೇದಿಕೆಗಳಿಗೆ ಸಮ. ಎಳೆಯರಿಗೆ ಸ್ಪೇಸರ್ ಕೊಳವೆಯ ಮೂಲಕ, ತೀರ ಚಿಕ್ಕವರಿಗೆ ಅದಕ್ಕೆ ಮುಖವಾಡ ಜೋಡಿಸಿ ಕೊಡಬೇಕು. ಸ್ಟಿರಾಯ್ಡ್ ಸೇದಿದ ಬಳಿಕ ಬಾಯಿ ಮುಕ್ಕಳಿಸಿ ಉಗುಳಬೇಕು. ಹೆಣ್ಣುಮಗುವಿನ ಮದುವೆಗೆ ಅಡ್ಡಿಯಾದೀತೆಂದು ಔಷಧಿಯನ್ನು ಬಚ್ಚಿಡುವವರು, ಆಕೆಯ ಪ್ರಾಣವನ್ನೇ ಪಣಕ್ಕಿಡುತ್ತಾರೆ.

ಮೃಗಶಿರಾ ಮಳೆ ಹೂಡುವ ದಿನ ಹೈದರಾಬಾದಿನಲ್ಲಿ ನುಂಗಿಸುವ ಮೀನಿನ ಔಷಧಿಯನ್ನು ನಂಬುವವರಿದ್ದಾರೆ. ಅದರಿಂದ ಉಬ್ಬಸ ಗುಣವಾಗುತ್ತದೆಂಬುದಕ್ಕೆ ವೈದ್ಯಕೀಯ ಪುರಾವೆಯಿಲ್ಲ.

ಉಬ್ಬಸ ಕೆರಳಿದಾಗ ಮಗುವನ್ನು ಮಲಗಿಸದೆ ನೆಟ್ಟಗೆ ಕೂರಿಸಿ, ವೈದ್ಯರು ಬರೆದುಕೊಟ್ಟಷ್ಟು ಸಾಲ್ಬುಟಮಾಲನ್ನು ಸ್ಪೇಸರಿನಲ್ಲಿ ಒಂದೊಂದಾಗಿ ಕೊಡಿರಿ. ಮಾತು ಪೂರೈಸಲಾಗದಿದ್ದರೆ, ಪಕ್ಕೆಲುಬುಗಳ ನಡುವಿನ ಚರ್ಮ ಒಳಸೆಳೆದರೆ, ತುಟಿ ನೀಲಿಗಟ್ಟಿದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಬಳಲಿದ ಮಗುವಿನ ಗೊರಗೊರ ಶಬ್ದ ಥಟ್ಟನೆ ನಿಂತರೆ ಗುಣವಾಯಿತೆಂದು ಸಮಾಧಾನಪಡಬೇಡಿರಿ, ಗಾಳಿಯಾಡುವುದೇ ನಿಲ್ಲುತ್ತಿರಬಹುದು.

ಕೊನೆಯದಾಗಿ ನಮ್ಮ ದೇವಾಲಯದ ಮಾತು. ಬಲಿಪೂಜೆಯ ಧೂಪವೂ ಕೆಲವು ಮಕ್ಕಳಿಗೆ ಉಸಿರು ಕಟ್ಟಿಸುತ್ತದೆ. ಅಂತಹ ಮಗುವನ್ನು ಬಾಗಿಲ ಬಳಿ ಕೂರಿಸಿದರೆ ಭಕ್ತಿಗೆ ಕುಂದಿಲ್ಲ. ಧರ್ಮೋಪದೇಶದ ತರಗತಿಯ ಉಪಾಧ್ಯಾಯರಿಗೂ ಮಗುವಿನ ಉಬ್ಬಸದ ವಿಷಯ, ಇನ್‌ಹೇಲರ್ ಇರುವ ಸ್ಥಳ ತಿಳಿದಿರಲಿ. ಹತೋಟಿಯಲ್ಲಿರುವ ಉಬ್ಬಸದ ಮಗು ಓಡಬಹುದು, ಆಡಬಹುದು, ಗಾಯನವೃಂದದಲ್ಲಿ ಹಾಡಲೂಬಹುದು. ಅದಕ್ಕೆ ಬೇಕಾದ ನಿತ್ಯದ ಎಚ್ಚರವನ್ನು ದಯಮಾಡಿ ಇಂದಿನಿಂದಲೇ ವಹಿಸಿರಿ ಎಂದು ಬೇಡಿ, ನನ್ನ ಮಾತನ್ನು ಮುಗಿಸುತ್ತೇನೆ.